ಅಜ್ಜಿಯ ಗುಂಡಿ ಡಬ್ಬಿ: ಬೆಳ್ಳಿ ಮೇಲೆ ಬಣ್ಣದ ಗಾಜು, ಎಂಟು ಶನಿವಾರ

ಮಾಸ್ಕೋದಲ್ಲಿ ನಾನಿರುವ ಮನೆಯ ಒಡತಿಗೆ ಎಂಬತ್ತು ದಾಟಿದೆ. ಕೆಳಗಿನ ಮಹಡಿಯಲ್ಲೇ ಇರುತ್ತಾರೆ. ಎದುರಿಗೆ ಅವರ ಹೆಸರು, ಅವರಪ್ಪನ ಹೆಸರು ಎರಡನ್ನೂ ಸೇರಿಸಿ ಕರೆಯಬೇಕು, ಅದು ಇಲ್ಲಿನ ಮರ್ಯಾದೆ. ಇಲ್ಲಿ ಮಾತ್ರ ಅಜ್ಜಿ ಅಂತಲೇ ಬರೀತೀನಿ. ಹೊಸ ವರ್ಷದ ರಜೆಯಲ್ಲಿ ಅವರ ಮನೆಯಲ್ಲಿ ಚಹಾ ಕುಡಿಯುವಾಗ, ನಮ್ಮ ದೊಡ್ಡಪ್ಪ ಶಿರಸಿಯಲ್ಲಿ ಅಕ್ಕಸಾಲಿ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಅಜ್ಜಿ ಎದ್ದು ಹೋಗಿ ಒಂದು ಪುಟ್ಟ ಬೆಳ್ಳಿ ಡಬ್ಬಿ ತಂದರು, ಮೇಲೆಲ್ಲ ಎನಾಮೆಲ್ ಕೆಲಸ, ಅಂದರೆ ಬೆಳ್ಳಿ ಮೇಲೆ ಕರಗಿಸಿ ಕೂರಿಸಿದ ಬಣ್ಣದ ಗಾಜು. ಒಳಗಿದ್ದ ಅಂಗಿ ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಖಾಲಿ ಡಬ್ಬಿ ನನ್ನ ಕೈಗಿಟ್ಟರು. ಮುಚ್ಚಳದ ಮೂಲೆಯಲ್ಲಿ ಚಕ್ಕೆ ಎದ್ದಿತ್ತು. "ನಿಮ್ಮದು ಇದೇ ಕೆಲಸದ ಮನೆತನ ಅಲ್ವಾ, ಸರಿ ಮಾಡು. ಮಾರ್ಚ್ 8ಕ್ಕೆ ಮಗಳು ಬರ್ತಾಳೆ" ಅಂದರು.

ನಾನು ಸಾಫ್ಟ್‌ವೇರ್ ಬರೆಯುವವನು. ಚಿಕ್ಕವನಿದ್ದಾಗ ದೊಡ್ಡಪ್ಪನ ಅಂಗಡಿಯಲ್ಲಿ ತಂತಿ ಎಳೆಯುವಾಗ ಇನ್ನೊಂದು ತುದಿ ಹಿಡಿದು ಕೂತದ್ದೇ ನನ್ನ ಅನುಭವ. ಆದರೂ ಹೂಂ ಅಂದೆ. ಮುಂದಿನದ್ದು ಅದರ ದಿನಚರಿ.

ಜನವರಿ 11. ಡಬ್ಬಿ ನೋಡಿದ್ದು

ಇಡೀ ದಿನ ಬರೀ ನೋಡಿದೆ, ಅಳೆದೆ. ಉದ್ದ 58 ಮಿ.ಮೀ., ಅಗಲ 41, ಎತ್ತರ 19. ತೂಕ 92 ಗ್ರಾಂ. ಒಳಗೆ ಚಿನ್ನದ ಲೇಪ, ಅಲ್ಲಲ್ಲಿ ಸವೆದಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಮುದ್ರೆ ಸಿಕ್ಕಿತು: ತಲೆಗೆ ಕೊಕೋಶ್ನಿಕ್ (ರಷ್ಯನ್ ಹೆಂಗಸರ ಹಳೇ ಕಾಲದ ಶಿರೋಭೂಷಣ) ತೊಟ್ಟ ಹೆಂಗಸಿನ ಮುಖ, ಪಕ್ಕದಲ್ಲಿ 84. ಮುಖ ಬಲಕ್ಕೆ ತಿರುಗಿದೆ. ಹಾಗಾದರೆ ಇದು 1908ರ ಮೇಲಿನದು, ಅದಕ್ಕೂ ಮೊದಲಿನ ಮುದ್ರೆಯಲ್ಲಿ ಅವಳು ಎಡಕ್ಕೆ ನೋಡುತ್ತಾಳೆ. ಜೊತೆಗೊಂದು ಪುಟ್ಟ ತ್ರಿಕೋನ, ಗ್ರೀಕರ ಡೆಲ್ಟಾ ಅಕ್ಷರ. ಅದು ಬೆಳ್ಳಿಯ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದ ಮಾಸ್ಕೋ ಕಚೇರಿಯ ಗುರುತು. ಮಾಡಿದವರ ಮುದ್ರೆ ಸವೆದು ಹೋಗಿದೆ. ಇದು ಆ ಕಾಲದ ಹೆಸರಾಂತ ಎನಾಮೆಲ್ ಕೆಲಸಗಾರರಾದ ಒವ್ಚಿನ್ನಿಕೋವ್ ಇರಬಹುದಾ, ರ‍್ಯೂಕರ್ಟ್ ಇರಬಹುದಾ ಅಂತ ಅಜ್ಜಿಗೆ ಆಸೆ ಹುಟ್ಟಿಸಲು ಹೋಗಲಿಲ್ಲ.

84 ಅಂದರೆ ಜೊಲೋತ್ನಿಕ್ ಅನ್ನುವ ಹಳೇ ರಷ್ಯನ್ ತೂಕದ ಲೆಕ್ಕ. ಅಪ್ಪಟ ಬೆಳ್ಳಿಗೆ 96. ಹಾಗಾಗಿ ಇದು ಸಾವಿರಕ್ಕೆ 875 ಪಾಲು ಬೆಳ್ಳಿ, ಉಳಿದದ್ದು ಹೆಚ್ಚುಕಡಿಮೆ ತಾಮ್ರ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಕ್ಕೆ ಎದ್ದ ಜಾಗ 4 ಮಿ.ಮೀ. ಉದ್ದ, ಎರಡೂವರೆ ಅಗಲ. ನೀಲಿ ಎಲೆಯೊಂದರ ಅರ್ಧ ಹೋಗಿದೆ. ಆದರೆ ಅಲ್ಲಿ ಬೆಳ್ಳಿ ಕಾಣುವ ಬದಲು ಯಾವುದೋ ದಪ್ಪ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಕೇಳಿದರೆ ಅಜ್ಜಿ ನಾಚಿಕೊಂಡರು. ಸೋವಿಯತ್ ನಾಯಕ ಬ್ರೆಜ್ನೆವ್ ಕಾಲದಲ್ಲಿ ಅವರೇ ಹಚ್ಚಿದ ನೇಲ್ ಪಾಲಿಶ್ ಅಂತೆ.

ಇನ್ನೂ ಒಂದು ಕಂಡಿತು. ಕೀಲಿನ ಹತ್ತಿರ ಬೂದು ಬಣ್ಣದ, ಮೇಣ ಸುರಿದ ಹಾಗಿನ ಬೆಸುಗೆ. ಬೆಳ್ಳಿ ಬೆಸುಗೆ ಹಾಗಿರುವುದಿಲ್ಲ. ಫೋಟೋ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಮಾರಾಯ, ಅದು ತವರದ ಬೆಸುಗೆ. ಯಾವನೋ ರೇಡಿಯೋ ರಿಪೇರಿಯವ ಹಾಕಿದ್ದು. ಅದನ್ನ ಬೆಂಕಿಗೆ ಇಟ್ಟೆ ಅಂದ್ರೆ ತವರ ಬೆಳ್ಳಿನ ತಿಂದು ಹಾಕ್ತದೆ. ಡಬ್ಬಿಗೆ ತೂತು, ನಿಂಗೆ ಮನೆ ಇಲ್ಲ."

"ಹಾಗಾದ್ರೆ ಏನ್ ಮಾಡ್ಲಿ ದೊಡ್ಡಪ್ಪ?"

"ಇಲ್ಲಿಗೆ ತಗೊಂಡ್ ಬಾ, ನೋಡುವ."

ಅದು ಆಗದ ಮಾತು. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಅನುಮತಿ ಇಲ್ಲದೆ ಈ ದೇಶದಿಂದ ಆಚೆ ಒಯ್ಯುವ ಹಾಗಿಲ್ಲ. ಅವತ್ತೇ ಒಂದು ತೀರ್ಮಾನ ಮಾಡಿಕೊಂಡೆ: ಹಳೇ ಡಬ್ಬಿಗೆ ಬೆಂಕಿ ತೋರಿಸುವುದಿಲ್ಲ. ಆದರೆ ಅದನ್ನು ಮುಟ್ಟುವ ಮೊದಲು ಅದನ್ನು ಹೇಗೆ ಮಾಡಿದ್ದಾರೆ ಅಂತ ಕೈಗೆ ಗೊತ್ತಾಗಬೇಕು. ಅದಕ್ಕೊಂದು ಹೊಸ ತಗಡಿನ ಮೇಲೆ ಮುಚ್ಚಳದಲ್ಲಿರುವಂಥದೇ ಹೂವನ್ನು ಮಾಡಿ ನೋಡುವುದು.

ಜನವರಿ 18. ತಂತಿ

ಮಾಸ್ಕೋ ಎನಾಮೆಲ್‌ನ ಜೀವ ಇರುವುದು ತಂತಿಯಲ್ಲಿ. ಇದಕ್ಕೆ ಇಲ್ಲಿ ಸ್ಕಾನ್ ಅಂತಾರೆ, ಹುರಿ ಮಾಡಿದ್ದು ಅಂತ ಅರ್ಥ. ಎರಡು ಸಣ್ಣ ತಂತಿ ಸೇರಿಸಿ ಹುರಿ ಹೊಸೆದು, ರೋಲರ್‌ನಲ್ಲಿ ಚಪ್ಪಟೆ ಮಾಡಿ, ಅಂಚಿನ ಮೇಲೆ ನಿಲ್ಲಿಸುತ್ತಾರೆ. ಮೇಲಿನಿಂದ ನೋಡಿದರೆ ರಾಗಿ ಕಾಳು ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತದೆ. ಈ ತಂತಿಯ ಬೇಲಿಯೊಳಗೆ ಗಾಜಿನ ಪುಡಿ ತುಂಬಿ ಕರಗಿಸುವುದು. ಜಪಾನಿನವರು, ಚೀನಾದವರು ಆಮೇಲೆ ಎಲ್ಲವನ್ನೂ ಉಜ್ಜಿ ಸಮತಟ್ಟು ಮಾಡುತ್ತಾರೆ. ಇಲ್ಲಿ ಹಾಗಲ್ಲ. ಗಾಜು ಕೆಳಗೆ, ತಂತಿ ಒಂದು ಕೂದಲೆಳೆ ಮೇಲೆ. ಬೆರಳಾಡಿಸಿದರೆ ತಂತಿ ಸಿಗಬೇಕು.

ತಂದದ್ದು: 999 ಬೆಳ್ಳಿಯ ತಂತಿ, 0.25 ಮಿ.ಮೀ., ಹತ್ತು ಮೀಟರ್. 0.8 ಮಿ.ಮೀ. ತಗಡು, 45ಕ್ಕೆ 35ರ ಎರಡು ತುಂಡು. 875 ಯಾಕೆ ತರಲಿಲ್ಲ ಅಂದ್ರೆ, ತಾಮ್ರ ಬೆರೆತ ಆ ಬೆಳ್ಳಿ 779 ಡಿಗ್ರಿಗೇ ಮೆದುವಾಗಿ ಕರಗಲು ಶುರು. ಎನಾಮೆಲ್ ಕರಗುವುದೂ ಅದರ ಆಸುಪಾಸಿನಲ್ಲೇ. ಹಳಬರು ಆ ಇಕ್ಕಟ್ಟಿನಲ್ಲೇ, ಮೀಟರ್ ಇಲ್ಲದೆ, ಕುಲುಮೆಯ ಬಣ್ಣ ನೋಡಿ ಕೆಲಸ ಮಾಡಿದರು. ನನಗೆ ಅಷ್ಟು ಧೈರ್ಯ ಇಲ್ಲ. ಅಪ್ಪಟ ಬೆಳ್ಳಿ 961 ಡಿಗ್ರಿವರೆಗೂ ತಡೆಯುತ್ತದೆ, ಕಾಯಿಸಿದರೆ ಕಪ್ಪೂ ಆಗುವುದಿಲ್ಲ.

ಹುರಿ ಹೊಸೆಯಲು ಒಂದು ತುದಿ ವೈಸ್‌ಗೆ, ಇನ್ನೊಂದು ತುದಿ ಬ್ಯಾಟರಿ ಡ್ರಿಲ್‌ಗೆ. ಮೊದಲನೇ ಸಲ ಡ್ರಿಲ್ ಜೋರಾಗಿ ಬಿಟ್ಟೆ, ಟಪ್ ಅಂತ ಹರಿಯಿತು. ಎರಡನೇ ಸಲವೂ ಹರಿಯಿತು. ಮಧ್ಯದಲ್ಲಿ ನಿಲ್ಲಿಸಿ, ತಂತಿ ಕಾಯಿಸಿ, ಮೆತ್ತಗೆ ಮಾಡಿಕೊಂಡು ಮತ್ತೆ ಹೊಸೆಯಬೇಕು ಅಂತ ಆಮೇಲೆ ಹೊಳೆಯಿತು. ಕಾಯಿಸಲು ಹೋಗಿ ಟಾರ್ಚ್ ಹತ್ತಿರ ಹಿಡಿದು ಒಂದು ಮೀಟರ್ ತಂತಿ ಮುತ್ತಾಗಿ ಉದುರಿತು. ಸುರುಳಿ ಸುತ್ತಿ, ದೂರದಿಂದ ಬೆಂಕಿ ಆಡಿಸಿದರೆ ಸರಿಹೋಗುತ್ತದೆ.

ಅಜ್ಜಿಯ ಡಬ್ಬಿಯಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 20 ಕಾಳು ಎಣಿಸಿದ್ದೆ. ನನ್ನದು 17ಕ್ಕೆ ಬಂತು. ರೋಲರ್‌ನಲ್ಲಿ 0.3 ಮಿ.ಮೀ.ಗೆ ಇಳಿಸಿದ ಮೇಲೆ ಎತ್ತರ 0.6 ಸಿಕ್ಕಿತು. ಸಾಕು.

ಜನವರಿ 25. ಅಂಟು ಮತ್ತು ಬೆಸುಗೆ

ಹೂವಿಗೆ ಆರು ಎಸಳು, ಸುತ್ತ ನಾಲ್ಕು ಸುರುಳಿ, ಎರಡು ಎಲೆ. ಕಾಗದದ ಮೇಲೆ ಬರೆದು, ಮೇಲೆ ಗಾಜಿಟ್ಟು, ಅದರ ಮೇಲೆ ಎರಡು ಚಿಮಟದಲ್ಲಿ ತಂತಿ ಬಗ್ಗಿಸಿದೆ. ಹನ್ನೆರಡು ತುಂಡಿಗೆ ಮೂರೂವರೆ ಗಂಟೆ.

ಬೆಸೆಯುವವರೆಗೆ ತಂತಿ ನಿಲ್ಲಬೇಕಲ್ಲ? ನಮ್ಮಲ್ಲಿ ಅಕ್ಕಸಾಲಿಗಳು ಗುಲಗಂಜಿ ಬೀಜ ತೇಯ್ದು ಅಂಟು ಮಾಡಿಕೊಳ್ಳುತ್ತಾರೆ. ಬೆಂಕಿಗೆ ಸುಟ್ಟು ಹೋಗುತ್ತದೆ, ಗುರುತು ಉಳಿಯುವುದಿಲ್ಲ. (ಬೀಜ ವಿಷ, ಮಕ್ಕಳ ಕೈಗೆ ಸಿಗಬಾರದು.) ಮಾಸ್ಕೋದಲ್ಲಿ ಗುಲಗಂಜಿ ಎಲ್ಲಿಂದ ತರೋದು? ಇಲ್ಲಿ ಅದೇ ಕೆಲಸಕ್ಕೆ ಐವಾ (ಇಂಗ್ಲಿಷಿನಲ್ಲಿ ಕ್ವಿನ್ಸ್) ಹಣ್ಣಿನ ಬೀಜ ಇದೆ. ಮಾರುಕಟ್ಟೆಯಲ್ಲಿ ಒಂದು ಹಣ್ಣು ತಂದು, ಬೀಜ ತೆಗೆದು, ರಾತ್ರಿ ನೀರಲ್ಲಿ ನೆನೆಹಾಕಿದರೆ ಬೆಳಿಗ್ಗೆ ಕಾಮಕಸ್ತೂರಿ ಬೀಜ ನೆನೆಸಿದ ಹಾಗೆ ಲೋಳೆ ಲೋಳೆ. ಚೆನ್ನಾಗಿ ಹಿಡಿಯಿತು. ಹಣ್ಣನ್ನು ಅಜ್ಜಿ ಜಾಮ್ ಮಾಡಿದರು.

ಬೆಸುಗೆ 72 ಪಾಲು ಬೆಳ್ಳಿ, 28 ತಾಮ್ರದ್ದು. ಸತುವು ಇರುವ ಬೆಸುಗೆ ಬೇಡ, ಎನಾಮೆಲ್‌ನಲ್ಲಿ ಗುಳ್ಳೆ ಏಳುತ್ತದೆ. ಅರದಲ್ಲಿ ಉಜ್ಜಿ ಪುಡಿ ಮಾಡಿ, ಬಿಳಿಗಾರ ಬೆರೆಸಿ, ತಂತಿಯ ಬುಡಕ್ಕೆ ಉದುರಿಸಿದೆ.

ಇಲ್ಲಿ ಮೊದಲ ದೊಡ್ಡ ತಪ್ಪು. ಮೇಲಿನಿಂದ ಟಾರ್ಚ್ ಹಿಡಿದೆ. ತಗಡು ಬಿಸಿಯಾಗುವ ಮೊದಲೇ ಮೂರು ಸುರುಳಿ ಕರಗಿ ಗುಂಡಾದವು. ದೊಡ್ಡಪ್ಪನಿಗೆ ವಿಡಿಯೋ ತೋರಿಸಿದರೆ, "ಒಲೆ ಮೇಲೆ ಬೆಂಕಿ ಹಾಕ್ತಾರೇನೋ? ಕೆಳಗಿಂದ ಹಾಕು" ಅಂದರು. ತಗಡನ್ನು ಕಬ್ಬಿಣದ ಜಾಲರಿ ಮೇಲಿಟ್ಟು ಕೆಳಗಿನಿಂದ ಕಾಯಿಸಿದೆ. ಬೆಸುಗೆ ಮಿಂಚಿ ತಂತಿಯ ಬುಡಕ್ಕೆ ಓಡಿತು. ಆ ಒಂದು ಸೆಕೆಂಡ್ ನೋಡಲು ಚಂದ. ಕರಗಿದ ಮೂರು ಸುರುಳಿ ಮತ್ತೆ ಮಾಡಿದೆ.

ಫೆಬ್ರುವರಿ 1. ಮೊದಲ ತುಂಬು

ಬಾಡಿಗೆಗೆ ಸಿಗುವ ಒಂದು ಕಾರ್ಯಾಗಾರದಲ್ಲಿ ವಿದ್ಯುತ್ ಕುಲುಮೆ ಇದೆ, ಗಂಟೆಗೆ 600 ರೂಬಲ್. ತಗಡನ್ನು ಬಿಸಿ ಸಿಟ್ರಿಕ್ ಆಮ್ಲದ ನೀರಲ್ಲಿ ಹಾಕಿ, ಗಾಜಿನ ಎಳೆಯ ಬ್ರಷ್‌ನಲ್ಲಿ ಉಜ್ಜಿ, ಶುದ್ಧ ನೀರಲ್ಲಿ ತೊಳೆದೆ. ಆಮೇಲೆ ಬೆರಳು ತಾಗಿಸಬಾರದು. ತಾಗಿಸಿದೆ. ಮತ್ತೆ ತೊಳೆದೆ.

ಬಣ್ಣ ದುಲ್ಯೋವೊ ಕಾರ್ಖಾನೆಯದು, ಇಲ್ಲಿ ಎನಾಮೆಲ್ ಕಲಿಯುವ ಬಹಳ ಮಂದಿ ಅದನ್ನೇ ಬಳಸುವುದು. ಬಿಳಿ, ತಿಳಿನೀಲಿ, ಕಡುನೀಲಿ, ಹಸಿರು, ಪಾರದರ್ಶಕ ಕೆಂಪು, ಬಣ್ಣವಿಲ್ಲದ್ದು. ಕುಟ್ಟಾಣಿಯಲ್ಲಿ ನೀರು ಹಾಕಿ ಅರೆದು, ಅಕ್ಕಿ ತೊಳೆದ ಹಾಗೆ ತೊಳೆಯಬೇಕು. ಮೊದಲ ನೀರು ಹಾಲಿನ ಹಾಗೆ. ಏಳನೇ ನೀರಿಗೆ ತಿಳಿಯಾಯಿತು. ಅವಸರಪಟ್ಟು ಮೂರಕ್ಕೇ ನಿಲ್ಲಿಸಿದ ಹಸಿರು ಆಮೇಲೆ ಮಂಕಾಗಿಯೇ ಉಳಿಯಿತು.

ಒದ್ದೆ ಪುಡಿಯನ್ನು ಸಣ್ಣ ಬ್ರಷ್‌ನಲ್ಲಿ ಒಂದೊಂದೇ ಎಸಳಿಗೆ ತುಂಬಿ, ಟಿಶ್ಯೂ ಕಾಗದದ ಮೂಲೆ ತಾಗಿಸಿ ನೀರು ಹೀರಬೇಕು. ಕುಲುಮೆಯ ತಲೆ ಮೇಲಿಟ್ಟು ಪೂರ್ತಿ ಒಣಗಿಸಬೇಕು. ನಾನು ಒಣಗಿತು ಅಂದುಕೊಂಡೆ. ಒಳಗಿಟ್ಟ ಕೂಡಲೇ ಒಂದು ಎಸಳಿನ ಪುಡಿ ಪುಟಕ್ಕನೆ ಹಾರಿ ಪಕ್ಕದ ನೀಲಿಗೆ ಬಿತ್ತು. ನೀಲಿಯೊಳಗಿನ ಆ ಬಿಳಿ ಚುಕ್ಕಿ ಇನ್ನೂ ಇದೆ.

740 ಡಿಗ್ರಿ, 1 ನಿಮಿಷ 40 ಸೆಕೆಂಡ್. ಹೊರಗೆ ಬಂದಾಗ ಮೇಲ್ಮೈ ಸಕ್ಕರೆ ಉದುರಿಸಿದ ಹಾಗೆ ಒರಟು. ಮೊದಲ ಪದರಕ್ಕೆ ಅಷ್ಟು ಸಾಕು.

ಫೆಬ್ರುವರಿ 8. ಎಲ್ಲ ಕೆಟ್ಟ ದಿನ

ಮೂರು ತಪ್ಪು, ಒಂದೇ ದಿನ.

ಒಂದು, ಕೆಂಪು. ಹೂವಿನ ನಡುವಿಗೆ ಪಾರದರ್ಶಕ ಕೆಂಪನ್ನು ನೇರ ಬೆಳ್ಳಿ ಮೇಲೆ ಹಾಕಿದೆ. ಬೆಳ್ಳಿಗೂ ಕೆಂಪಿಗೂ ಆಗಿ ಬರುವುದಿಲ್ಲ. ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತು. ಕೆಳಗೆ ಬಣ್ಣವಿಲ್ಲದ ಪದರ ಹಾಕಿ ಸುಟ್ಟು, ಅದರ ಮೇಲೆ ಕೆಂಪು ಹಾಕಬೇಕಿತ್ತು. ಅದೂ ಎಲ್ಲ ಬಣ್ಣ ಮುಗಿದ ಮೇಲೆ, ಕೊನೆಯ ಸುತ್ತಿನಲ್ಲಿ.

ಎರಡು, ಶಾಖ. ಎರಡನೇ ಪದರ ಹೊಳಪು ಬರಲಿ ಅಂತ 770ಕ್ಕೆ ಇಟ್ಟೆ. ಆ ಕುಲುಮೆಯ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಅಂತ ಅಲ್ಲಿ ಬರುವ ಹುಡುಗಿಯೊಬ್ಬಳು ಆಮೇಲೆ ಹೇಳಿದಳು. ನನ್ನ ಬೆಸುಗೆ ಕರಗುವುದು 779ಕ್ಕೆ. ಒಂದು ಸುರುಳಿ ಬುಡ ಬಿಟ್ಟು, ಮಜ್ಜಿಗೆಯಲ್ಲಿ ಕರಿಬೇವು ತೇಲಿದ ಹಾಗೆ ಎನಾಮೆಲ್ ಮೇಲೆ ತೇಲುತ್ತಾ ಪಕ್ಕಕ್ಕೆ ಸರಿದಿತ್ತು.

ಮೂರನೆಯದು ಬರೀ ನನ್ನ ಚಪಲ. ಫೋಟೋ ತೆಗೆಯಲು ಬಿಸಿ ತಗಡನ್ನು ಎತ್ತಿ ತಣ್ಣಗಿನ ಉಕ್ಕಿನ ಮೇಜಿನ ಮೇಲಿಟ್ಟೆ. ಟಿಕ್ ಅಂತ ಒಂದು ಸದ್ದು. ಎರಡು ಎಸಳಿಗೆ ಅಡ್ಡಲಾಗಿ ಬಿರುಕು. ಕುಲುಮೆಯ ತಲೆ ಮೇಲಿಟ್ಟು ನಿಧಾನಕ್ಕೆ ಆರಲು ಬಿಟ್ಟಿದ್ದರೆ ಇದಾಗುತ್ತಿರಲಿಲ್ಲ.

ಹೇಗೂ ಕೆಟ್ಟಿದೆ ಅಂತ, ಉಳಿದ ಎಸಳುಗಳನ್ನು ತಂತಿಯ ನೆತ್ತಿವರೆಗೂ ತುಂಬಿ ನೋಡಿದೆ. ತಂತಿ ಮುಳುಗಿತು. ವಜ್ರದ ಪುಡಿಯ ಪ್ಯಾಡ್‌ನಲ್ಲಿ ಉಜ್ಜಿದರೆ ತಂತಿ ಕಂಡಿತೇನೋ ಹೌದು, ಕಾಳುಗಳೆಲ್ಲ ಸವೆದು ಬರೀ ಗೆರೆ ಉಳಿಯಿತು. ಅಜ್ಜಿಯ ಡಬ್ಬಿ ಪಕ್ಕದಲ್ಲಿಟ್ಟು ನೋಡಿದಾಗ ನನ್ನದು ಪ್ಲಾಸ್ಟಿಕ್ ಸ್ಟಿಕ್ಕರ್ ಥರ ಕಾಣಿಸಿತು. ಈ ಕೆಲಸದಲ್ಲಿ ಬಣ್ಣಕ್ಕಿಂತ ಬಣ್ಣ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಮುಖ್ಯ ಅಂತ ಅವತ್ತು ಗೊತ್ತಾಯಿತು.

ಫೆಬ್ರುವರಿ 15 ಮತ್ತು 22. ಎರಡನೇ ತಗಡು

ಮತ್ತೆ ಹನ್ನೆರಡು ತುಂಡು ತಂತಿ. ಈ ಸಲ ಎರಡು ಗಂಟೆ. ಬೆಸುಗೆ ಪುಡಿ ಅರ್ಧಕ್ಕರ್ಧ ಕಡಿಮೆ. ಮೊದಲನೆಯದರಲ್ಲಿ ಹೆಚ್ಚಾದ ಬೆಸುಗೆ ತಗಡಿನ ಮೇಲೆ ಹರಿದು, ಅಲ್ಲೆಲ್ಲ ತಿಳಿನೀಲಿ ಕಲೆ ಕಲೆ ಆಗಿತ್ತು.

ಮೂರು ಪದರ, ಮೂರೂ ತೆಳ್ಳಗೆ. ಮೀಟರ್ ಪ್ರಕಾರ 730, 740, 740, ಸಮಯ ಒಂದೂವರೆ ನಿಮಿಷ. ಪ್ರತಿ ಸಲ ತುಂಬಿದ ಮೇಲೆ ಭೂತಗನ್ನಡಿಯಲ್ಲಿ ಪಕ್ಕದಿಂದ ನೋಡಿದೆ, ತಂತಿಯ ಕಾಳು ಮೇಲೆ ಕಾಣಬೇಕು. ಕರಗಿದ ಗಾಜು ತಂತಿಯ ಬದಿಗೆ ಸ್ವಲ್ಪ ಏರುತ್ತದೆ, ಲೋಟದಲ್ಲಿ ನೀರು ಅಂಚಿಗೆ ಏರಿದ ಹಾಗೆ. ಆ ಏರಿಕೆಗೂ ಜಾಗ ಬಿಟ್ಟು ತುಂಬಬೇಕು. ಕೊನೆಯಲ್ಲಿ ಗಾಜು ನಿಂತದ್ದು ಸುಮಾರು 0.45 ಮಿ.ಮೀ.ಗೆ, ತಂತಿ 0.6. ಕೆಂಪು ಕೊನೆಗೆ, ಕೆಳಗೆ ಬಣ್ಣವಿಲ್ಲದ ಪದರದ ಜೊತೆ. ದಾಳಿಂಬೆ ಕಾಳಿನ ಬಣ್ಣ ಬಂತು.

ತಗಡಿನ ಹಿಂಭಾಗಕ್ಕೂ ಒಂದು ಪದರ ಎನಾಮೆಲ್ ಹಾಕಬೇಕು, ಇಲ್ಲದಿದ್ದರೆ ಹಪ್ಪಳದ ಹಾಗೆ ಬಾಗುತ್ತದೆ. ನಾನು ಹಾಕಲಿಲ್ಲ. ಬಾಗಿದೆ, ಸುಮಾರು ಅರ್ಧ ಮಿ.ಮೀ. ಅಜ್ಜಿಯ ಡಬ್ಬಿಯಲ್ಲಿ ಹಿಂಭಾಗಕ್ಕೆ ಎನಾಮೆಲ್ ಇಲ್ಲ. ಆದರೆ ಆ ಮುಚ್ಚಳ ದಪ್ಪ, ಸುತ್ತ ಗಟ್ಟಿ ಅಂಚಿದೆ. ಬರೀ ತಗಡಿಗೂ ಡಬ್ಬಿಗೂ ಅದೇ ವ್ಯತ್ಯಾಸ.

ಹಳೇ ಎಸಳುಗಳ ಬಿಳಿ ಮೇಲೆ ಎಳೆದ ಗುಲಾಬಿ ನೆರಳಿನ ಗೆರೆಗಳನ್ನು ನಾನು ಪ್ರಯತ್ನಿಸಲೂ ಇಲ್ಲ. ಅದು ಕುಂಚದ ಕೈ, ವರ್ಷಗಟ್ಟಲೆಯ ಮಾತು.

ಮಾರ್ಚ್ 1, ಮತ್ತು ಆ ವಾರವಿಡೀ. ಡಬ್ಬಿಗೆ ಕೈ

ಮೊದಲು ನೇಲ್ ಪಾಲಿಶ್. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಅಸಿಟೋನ್‌ನಲ್ಲಿ ಅದ್ದಿ, ಚೂರು ಚೂರೇ ಒರೆಸಿದೆ. ಗಾಜಿಗೆ ಅಸಿಟೋನ್ ಏನೂ ಮಾಡುವುದಿಲ್ಲ. ನಲವತ್ತು ನಿಮಿಷಕ್ಕೆ ಕೆಳಗಿನ ಬೆಳ್ಳಿ ಕಂಡಿತು, ಅದರ ಮೇಲೆ ಆ ಕಾಲದ ಕೆಲಸಗಾರನ ಉಪಕರಣದ ಗೀರೂ ಕಂಡಿತು. ಒಡೆದ ಅಂಚಿನ ಗಾಜು ಸಡಿಲ ಇಲ್ಲ ಅಂತ ಸೂಜಿ ಮೊನೆಯಿಂದ ಮೆಲ್ಲಗೆ ತಾಗಿಸಿ ಖಾತ್ರಿ ಮಾಡಿಕೊಂಡೆ.

ತುಂಬಲು ಪ್ಯಾರಲಾಯ್ಡ್ ಬಿ-72. ಮ್ಯೂಸಿಯಂಗಳಲ್ಲಿ ಬಳಸುವ ಅಕ್ರಿಲಿಕ್ ರಾಳ, ಅಸಿಟೋನ್‌ನಲ್ಲಿ ಕರಗುತ್ತದೆ. ಹಾಗಾಗಿ ನಾಳೆ ನನಗಿಂತ ಬಲ್ಲವರು ಸಿಕ್ಕರೆ ನನ್ನ ಕೆಲಸ ಒರೆಸಿ ಹಾಕಬಹುದು. ಎಪಾಕ್ಸಿ ಇನ್ನೂ ಗಟ್ಟಿ, ಆದರೆ ತೆಗೆಯುವುದು ಕಷ್ಟ. ರಾಳಕ್ಕೆ ಒಣ ಬಣ್ಣದ ಪುಡಿ ಬೆರೆಸಿ, ಮೂರು ಕೂದಲಿನ ಬ್ರಷ್‌ನಲ್ಲಿ ಬಿಟ್ಟೆ.

ಬಣ್ಣ ಹೊಂದಿಸಿದ್ದು ರಾತ್ರಿ, ಅಡುಗೆಮನೆಯ ಹಳದಿ ದೀಪದ ಕೆಳಗೆ. ಬೆಳಿಗ್ಗೆ ಕಿಟಕಿ ಹತ್ತಿರ ನೋಡಿದರೆ ಹಸಿರು ಹಸಿರು. ಒರೆಸಿ ಮತ್ತೆ ಶುರು. ಈ ಸಲ ಹಗಲಲ್ಲಿ, ಆಫೀಸಿಗೆ ಅರ್ಧ ದಿನ ರಜೆ ಹಾಕಿ. ಅಸಿಟೋನ್ ಆರಿದಂತೆ ರಾಳ ಕುಗ್ಗಿ ಗುಳಿ ಬೀಳುತ್ತದೆ, ಒಂದೇ ಸಲಕ್ಕೆ ತುಂಬುವ ಹಾಗಿಲ್ಲ. ದಿನಕ್ಕೊಂದು ಪದರದ ಲೆಕ್ಕದಲ್ಲಿ ಐದು ಪದರ. ಐದನೆಯದಕ್ಕೆ ತಂತಿಗಿಂತ ಒಂದು ಕೂದಲು ಕೆಳಗೆ ನಿಲ್ಲಿಸಿದೆ. ಆ ಎರಡನೇ ತಗಡು ಮಾಡದೇ ಇದ್ದಿದ್ದರೆ ಖಂಡಿತ ನೆತ್ತಿವರೆಗೂ ತುಂಬಿಬಿಡುತ್ತಿದ್ದೆ.

ಕೀಲಿನ ತವರ ಹಾಗೇ ಬಿಟ್ಟೆ. ಗಟ್ಟಿಯಾಗಿದೆ, ಮುಟ್ಟಿದರೆ ಜಾಸ್ತಿ ಹಾಳು.

ಖರ್ಚು, ರೂಬಲ್‌ನಲ್ಲಿ

ತಗಡು ಎರಡಕ್ಕೆ 3,400. ತಂತಿ 700. ಬೆಸುಗೆ 700. ಆರು ಬಣ್ಣಕ್ಕೆ 2,100. ಕುಲುಮೆ ಒಂಬತ್ತು ಗಂಟೆ, 5,400. ರಾಳ ಮತ್ತು ಬಣ್ಣದ ಪುಡಿ 1,400. ಸಿಟ್ರಿಕ್ ಆಮ್ಲ, ಬ್ರಷ್, ಹತ್ತಿ ಇತ್ಯಾದಿ 500. ಐವಾ ಹಣ್ಣು 90. ಒಟ್ಟು 14,290. ಡಬ್ಬಿಗೆ ನಿಜವಾಗಿ ಹತ್ತಿದ್ದು ಇದರಲ್ಲಿ 1,400 ಮತ್ತು ಒಂದಿಷ್ಟು ಹತ್ತಿ.

ಮಾರ್ಚ್ 8

ಡಬ್ಬಿ ಕೊಟ್ಟೆ, ಜೊತೆಗೆ ಎರಡನೇ ತಗಡನ್ನೂ. ಅಜ್ಜಿ ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಹೋಗಿ, ಮುಚ್ಚಳವನ್ನು ಓರೆ ಹಿಡಿದು ನೋಡಿದರು. ಜಾಗ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು, ನನಗದೇ ಖುಷಿ. ಆಮೇಲೆ ಬೆರಳಿಟ್ಟು ತೋರಿಸಿದರು. ಬೆಳಕಿಗೆ ಓರೆ ಹಿಡಿದಾಗ ಸುತ್ತಲಿನ ಗಾಜು ಮಿಂಚುತ್ತದೆ, ರಾಳ ಮಿಂಚುವುದಿಲ್ಲ.

"ನಾನು ಹಚ್ಚಿದ್ದು ಇದಕ್ಕಿಂತ ಹೊಳೀತಿತ್ತು" ಅಂದರು.

ಗುಂಡಿಗಳನ್ನು ಮತ್ತೆ ಅದರೊಳಗೆ ಸುರಿಯಲು ಹೊರಟಾಗ ತಡೆದೆ. ಒಳಗೊಂದು ಬಟ್ಟೆ ಚೂರು ಹಾಸಿ ಕೊಟ್ಟಿದ್ದೇನೆ. ನೀರಲ್ಲಿ ತೊಳೆಯಬೇಡಿ, ಹೀಟರ್ ಮೇಲೆ ಇಡಬೇಡಿ ಅಂತಲೂ ಹೇಳಿದ್ದೇನೆ. ಆ ರಾಳ 40 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ, ಇಲ್ಲಿನ ಚಳಿಗಾಲದ ಹೀಟರ್ ಅದಕ್ಕಿಂತ ಬಿಸಿ. ಬಾಗಿದ ಆ ತಗಡು ಈಗ ಅವರ ಫ್ರಿಜ್ ಮೇಲಿದೆ, ಹಿಂದೆ ಆಯಸ್ಕಾಂತ ಅಂಟಿಸಿಕೊಂಡು.